ಅಡ್ಡಾಗುವುದೆಂದರೆ ಇಷ್ಟೇ, ಹುಜೂರ್

ಅವರಷ್ಟು ಅಂಜುವ ಮನುಷ್ಯನನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ. ಕಚೇರಿಯ ಹೊರಗೆ ಕುದುರೆಯ ಗೊರಸಿನ ಸಪ್ಪಳ ಕೇಳಿದರೆ ಸಾಕು, ಬರೆಯುತ್ತಿದ್ದ ಕೈ ಅಲ್ಲಿಯೇ ನಿಲ್ಲುತ್ತಿತ್ತು. ಸಪ್ಪಳ ದೂರವಾಗುವ ತನಕ ತುಟಿ ಅಲುಗುತ್ತಿತ್ತು. ಎಷ್ಟು ಸೆಕೆಯಿದ್ದರೂ ಕಿಟಕಿಯ ಹತ್ತಿರ ಕುಳಿತವರಲ್ಲ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಚಹಾ ಬಂದರೆ ತಮ್ಮ ಮುಂದಿನ ಕಾಗದಗಳನ್ನೆಲ್ಲ ಎತ್ತಿ ನನ್ನ ಮೇಜಿಗೆ ದಾಟಿಸಿ, ಆಮೇಲೆ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ಕೈ ನಡುಗಿ ಕಾಗದದ ಮೇಲೆ ಚೆಲ್ಲಿದರೆ ಯಾರೇನು ಅಂದಾರೋ ಎಂಬ ಭಯ.

ಅವರು ತೀರಿಹೋದ ಸುದ್ದಿಯನ್ನು ಮೊನ್ನೆ ಅಫಜಲಪುರದ ಕಡೆಯಿಂದ ಬಂದವರೊಬ್ಬರು ಹೇಳಿದರು. ಹೇಳಿದವರಿಗೆ ಅದು ದೊಡ್ಡ ಸುದ್ದಿಯೇನೂ ಆಗಿರಲಿಲ್ಲ. ಮಳೆಯ ಮಾತು, ತೊಗರಿಯ ಮಾತು ಎಲ್ಲ ಮುಗಿದ ಮೇಲೆ, ಹೊರಡುವಾಗ ನೆನಪಾಗಿ ಹೇಳಿದ್ದು. ನಾನು ಮಾತ್ರ ಆ ದಿನ ಊಟ ಮಾಡಲಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಕಾಗದದ ಮೇಲೆ ತಮ್ಮ ಹೆಸರು ಬರುವುದು ಅವರಿಗೆ ಎಂದೂ ಸೇರುತ್ತಿರಲಿಲ್ಲ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಕಚೇರಿ ಯಾವ ಊರಿನದು ಎಂದು ಹೇಳುವ ಅಗತ್ಯವೂ ಇಲ್ಲ. ಭೀಮಾನದಿಯಿಂದ ಅಷ್ಟು ದೂರದ್ದಲ್ಲ ಎಂದರೆ ಸಾಕು.

ಆಗ ನಮ್ಮ ಸೀಮೆಯೆಲ್ಲ ನಿಜಾಮಶಾಹಿಯಲ್ಲಿತ್ತು. ಮುನ್ಸೀಫರ ಕಚೇರಿಯೊಳಗೆ ನಡೆಯುವುದೆಲ್ಲ ಉರ್ದು. ಹೊರಗೆ ಬೇವಿನ ಮರದ ಕೆಳಗೆ ಕಾಯುವ ಮಂದಿಯದು ಕನ್ನಡ. ಒಳಗೆ ಬಂದು ರೈತನೊಬ್ಬ ನಾಲ್ಕು ಮಾತಾಡಿದರೆ ಅದನ್ನು ಉರ್ದುವಿಗೆ ತಂದು ಕಾಗದಕ್ಕೆ ಇಳಿಸುವ ಕೆಲಸ ಕಾಕಾ ಅವರದು. ಹಳ್ಳಿಯ ಲಿಂಗಾಯತ ಒಕ್ಕಲುತನದ ಮನೆಯ ಮಗ. ಆಳಂದದಲ್ಲಿ ಒಬ್ಬ ಮೌಲ್ವಿಯವರ ಮನೆಯಲ್ಲಿ ನಾಲ್ಕು ವರ್ಷ ಇದ್ದು ಉರ್ದು, ಪಾರಸಿ ಕಲಿತವರು. ತಲೆಗೆ ರುಮಾಲು, ಮೈಗೆ ಕರಿಯ ಕೋಟು. ಕೋಟಿನ ಒಳಗೆ ಎದೆಯ ಮೇಲೆ ಲಿಂಗದ ಕರಡಿಗೆ. ಅಂಜಿಕೆಯಾದಾಗ ಕೋಟಿನ ಮೇಲಿನಿಂದಲೇ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ದಿನಕ್ಕೆ ಎಷ್ಟು ಸಲ ಎಂದು ನಾನು ಎಣಿಸಿಲ್ಲ.

ನಾನು ಅಲ್ಲಿ ನಕಲು ಬರೆಯುವ ಗುಮಾಸ್ತ. ಇಪ್ಪತ್ಮೂರು ವರ್ಷ, ಹೊಸದಾಗಿ ಮದುವೆಯಾದವನು.

ಕಾಕಾ ನಗುತ್ತಿದ್ದುದು ಮಧ್ಯಾಹ್ನದ ರೊಟ್ಟಿಯ ಹೊತ್ತಿನಲ್ಲಿ ಮಾತ್ರ. ಕಚೇರಿಯ ಹಿಂದಿನ ಪಡಸಾಲೆಯಲ್ಲಿ ರೊಟ್ಟಿಯ ಗಂಟು ಬಿಚ್ಚಿ, ಖಾರದ ಹಿಂಡಿಯ ಮೇಲೆ ಎಣ್ಣೆ ಹಾಕಿಕೊಂಡು ಕುಳಿತರೆಂದರೆ ಮಾತಿನ ಹುಟ್ಟು ಹಿಡಿದು ಹೊರಡುತ್ತಿದ್ದರು. ಯಾವ ಮಾತು ಎಲ್ಲಿಯದು, ಯಾರ ಮನೆಯಿಂದ ನಮ್ಮ ಮನೆಗೆ ಬಂತು ಎಂದು. ಒಂದು ದಿನ ನಾನು ಎಲ್ಲರಂತೆ, "ಆರಾಮ ಅದೀರಿ ಕಾಕಾ?" ಎಂದೆ.

"ಆರಾಮ ಪಾರಸಿ ಮಾತು, ತಮ್ಮಾ. ನಾವು ದಿನಾ ಆಡಿ ಆಡಿ ನಮ್ಮದು ಮಾಡ್ಕೊಂಡೇವಿ. ರಜಾಕ್ಕ ಸೂಟಿ ಅನ್ನೋದು ಮರಾಠಿ ಮಂದಿ ಕೊಟ್ಟದ್ದು. ವಿಶ್ರಾಂತಿ ಪುಸ್ತಕದಾಗ ಅದ, ನಮ್ಮ ಮನ್ಯಾಗ ಯಾರ ಬಾಯಾಗೂ ಬರಂಗಿಲ್ಲ. ನಮ್ಮವ್ವ ಹೊಲದಾಗ ಕಳೇವು ತಗದು ಬಂದು 'ಒಂದ್ ಗಳಿಗಿ ಅಡ್ಡಾಗ್ತೇನಿ' ಅಂತಿದ್ಲು. ಅದು ನೋಡು, ಅದು ನಮ್ಮದು."

ಹೀಗೆ ಹೇಳಿ ಬೆರಳು ನೆಕ್ಕಿಕೊಂಡರು. ಪಕ್ಕದ ಓಣಿಯಲ್ಲಿ ಯಾರೋ ಗಟ್ಟಿಯಾಗಿ ಕೂಗಿದರು. ಕಾಕಾ ಅವಸರದಿಂದ ಗಂಟು ಕಟ್ಟಿ ಒಳಗೆ ಹೋದರು.

ಆ ಬೇಸಿಗೆ ಅಂಜಿಕೆ ಅವರೊಬ್ಬರ ಸೊತ್ತಾಗಿ ಉಳಿಯಲಿಲ್ಲ. ನಿಜಾಮಶಾಹಿಯ ಕೊನೆಯ ಬೇಸಿಗೆ ಅದು. ಕೊನೆಯದು ಎಂದು ನಮಗೆ ಆಗ ಗೊತ್ತಿರಲಿಲ್ಲ. ನಿಜಾಮರ ಪರವಾಗಿ ಬಂದೂಕು ಹಿಡಿದ ಗುಂಪುಗಳು ಹಳ್ಳಿಹಳ್ಳಿ ತಿರುಗುತ್ತಿದ್ದವು. ಗಡಿಯಾಚೆ ಸೋಲಾಪುರದ ಕಡೆಯಿಂದ ಸರ್ಕಾರದ ವಿರುದ್ಧ ಎದ್ದವರು ಒಳನುಗ್ಗಿ ಸುಂಕದ ನಾಕೆಗಳಿಗೆ ಬೆಂಕಿ ಇಡುತ್ತಿದ್ದರು. ಇವರು ಬಂದು ಹೋದ ಮೇಲೆ ಅವರು, ಅವರು ಬಂದು ಹೋದ ಮೇಲೆ ಇವರು. ಎರಡಕ್ಕೂ ಸಿಕ್ಕುವವರು ಅದೇ ಮಂದಿ. ಮನೆಗಳಿಗೆ ಹಗಲಲ್ಲೇ ಅಗಳಿ ಬೀಳುತ್ತಿತ್ತು. ನನ್ನ ಹೆಂಡತಿ ಬಸುರಿ. ನಾನು ಮನೆಯಿಂದ ಹೊರಡುವಾಗ ಅವಳು "ಲಗೂ ಬರ್ರಿ" ಎನ್ನುತ್ತಿದ್ದಳು, ಅಷ್ಟೇ. ಆ ಎರಡು ಮಾತಿನಲ್ಲಿ ಅವಳ ದನಿ ಹೇಗಿರುತ್ತಿತ್ತೆಂದರೆ ಓಣಿಯ ತಿರುವಿನ ತನಕ ನಾನು ಹಿಂತಿರುಗಿ ನೋಡುತ್ತಲೇ ನಡೆಯುತ್ತಿದ್ದೆ.

ಹಿರೋಳ್ಳಿಯ ಆಚೆ ಗಡಿಯ ಹತ್ತಿರ ಒಂದು ನಾಕೆ ಸುಟ್ಟಿತು. ಮರುದಿನವೇ ಠಾಣೆಯವರು ಒಬ್ಬ ಬಂಡಿಯವನನ್ನು ಹಿಡಿದರು. ಐವತ್ತರ ಹತ್ತಿರದ ಒಕ್ಕಲುತನದವನು. ಗಾಣಕ್ಕೆ ಕುಸುಬಿ ಹಾಕಿ ಬರಿದಾದ ಬಂಡಿ ಹೊಡೆದುಕೊಂಡು ಬರುತ್ತಿದ್ದನಂತೆ. ನಾಕೆಯಿಂದ ಅರ್ಧ ಹರದಾರಿಯಲ್ಲಿ ಒಂದು ಬನ್ನಿಗಿಡದ ಬುಡದಲ್ಲಿ ಅವನು ಸಿಕ್ಕಿದ್ದು. ಮೂರು ದಿನ ಠಾಣೆಯಲ್ಲಿಟ್ಟು ನಾಲ್ಕನೆಯ ದಿನ ಮುನ್ಸೀಫರ ಮುಂದೆ ತಂದರು. ಇಲ್ಲಿ ಒಂದು ಮೊಹರು ಬಿದ್ದರೆ ಜಿಲ್ಲೆಯ ವಿಶೇಷ ಕಚೇರಿಗೆ ರವಾನೆ. ಹಾಗೆ ಹೋದವರು ತಿರುಗಿ ಬಂದದ್ದನ್ನು ನಾವು ಕಂಡಿರಲಿಲ್ಲ.

ಮುನ್ಸೀಫರು ಹೈದರಾಬಾದಿನವರು. ಕನ್ನಡ ಒಂದಕ್ಷರ ಬಾರದು. ಕೆಟ್ಟವರಲ್ಲ, ಅವರೂ ದಿನ ದೂಡುತ್ತಿದ್ದರು. ಠಾಣೆಯ ಪೋಲೀಸ್ ಅಧಿಕಾರಿ, ಅಮೀನ, ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಅಲ್ಲಿ ನಡೆದದ್ದು ಉರ್ದುವಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತೇನೆ.

ಪೇಶಕಾರ ಠಾಣೆಯ ಕಾಗದ ಓದಿದ. "ಆರೋಪಿಯು ಬನ್ನಿಗಿಡದ ಕೆಳಗೆ ಅಡ್ಡಾ ಮಾಡಿದ್ದುದಾಗಿ ಸ್ವತಃ ಒಪ್ಪಿಕೊಂಡಿದ್ದಾನೆ. ಅಲ್ಲಿಗೆ ಮೂವರು ಅಪರಿಚಿತರು ಬಂದು ಅವನನ್ನು ಕೂಡಿಕೊಂಡರು."

ಉರ್ದುವಿನಲ್ಲಿ ಅಡ್ಡಾ ಎಂದರೆ ಗುಂಪು ಸೇರುವ ಠಾವು. ಕಳ್ಳರದೋ ಜೂಜಿನವರದೋ ದಂಗೆಯವರದೋ, ಯಾರದಾದರೂ ಆದೀತು. ಮುನ್ಸೀಫರು ತಲೆ ಅಲ್ಲಾಡಿಸಿ ಬಂಡಿಯವನ ಕಡೆಗೆ ನೋಡಿ, "ನೀನು ಹೇಳಿದ್ದು ಇದೇ ಏನು?" ಎಂದರು. ಕಾಕಾ ಅದನ್ನು ಅವನಿಗೆ ಕನ್ನಡದಲ್ಲಿ ಕೇಳಿದರು.

ಅವನು ಕೈಮುಗಿದ. ಕೈಗೆ ಬೇಡಿ ಇದ್ದುದರಿಂದ ಮುಗಿಯುವುದು ಸುಲಭವಾಗಿಯೇ ಇತ್ತು. "ಹೌದ್ರಿ ಸಾಹೇಬ್ರ. ಎತ್ತು ದಣದಿದ್ದವು, ಮೇಯಾಕ ಬಿಟ್ಟು ಗಿಡದ ಬುಡಕ ಅಡ್ಡಾಗಿದ್ನಿರಿ. ಮೂರು ಮಂದಿ ಬಂದು ನೀರು ಕೇಳಿದ್ರು. ಕೊಟ್ನಿ. ಕುಡದು ಹ್ವಾದ್ರು. ಅವರ್ಯಾರೋ ನನಗ ಗೊತ್ತಿಲ್ರಿ."

"ನೋಡಿ ಹುಜೂರ್," ಎಂದ ಅಮೀನ. "ಈಗಲೂ ಅದನ್ನೇ ಹೇಳುತ್ತಿದ್ದಾನೆ. ಅಡ್ಡಾ. ನನ್ನ ಕಿವಿಯಿಂದ ಕೇಳಿದೆ."

ಮುನ್ಸೀಫರು ಕಾಗದವನ್ನು ಕಾಕಾ ಅವರ ಕಡೆಗೆ ಸರಿಸಿದರು. "ತರ್ಜುಮೆ ಸರಿ ಇದೆ ಎಂದು ರುಜು ಹಾಕಿ."

ಕಾಕಾ ಟಾಕನ್ನು ಮಸಿಯಲ್ಲಿ ಅದ್ದಿದರು. ನಾನು ಪಕ್ಕದಲ್ಲೇ ಇದ್ದೆ. ಟಾಕಿನ ತುದಿಯಿಂದ ಒಂದು ಹನಿ ಕಾಗದದ ಅಂಚಿಗೆ ಬಿತ್ತು. ಎರಡನೆಯದೂ ಬಿತ್ತು. ಅವರ ಇನ್ನೊಂದು ಕೈ ಕೋಟಿನ ಮೇಲಿತ್ತು. ರುಜು ಹಾಕಿಬಿಡಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ, ಸುಳ್ಳು ಹೇಳುವುದಿಲ್ಲ. ಅವರು ಟಾಕನ್ನು ಮಸಿಯ ದೌತಿಯ ಪಕ್ಕ ಮಲಗಿಸಿದರು.

"ಹುಜೂರ್, ಒಂದು ಅರಿಕೆ."

ದನಿ ಎಷ್ಟು ಸಣ್ಣದಿತ್ತೆಂದರೆ ಮುನ್ಸೀಫರು "ಏನು?" ಎಂದು ಎರಡು ಸಲ ಕೇಳಬೇಕಾಯಿತು.

"ಇವನು ಆಡಿದ್ದು ಉರ್ದುವಿನ ಅಡ್ಡಾ ಅಲ್ಲ, ಹುಜೂರ್. ಇದು ಕನ್ನಡದ ಮಾತು."

ಅಮೀನ ಕಾಲು ಕೆಳಗಿಳಿಸಿದ. "ಕನ್ನಡದಲ್ಲಿ ಅಡ್ಡ ಎಂದರೆ ದಾರಿ ತಡೆಯುವುದು. ಅಷ್ಟು ಕನ್ನಡ ನನಗೂ ಬರುತ್ತದೆ, ಮುನ್ಶೀಜಿ. ಹಾಗಾದರೆ ಇನ್ನೂ ಕೆಟ್ಟದ್ದಾಯಿತಲ್ಲ?"

ಕಾಕಾ ಮೇಜಿನ ಮೇಲಿದ್ದ ರೂಲುಕೋಲನ್ನು ಎತ್ತಿಕೊಂಡರು. ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದರು. ಕೈಯ ನಡುಕಕ್ಕೆ ಕೋಲಿನ ಬುಡ ಮೇಜಿಗೆ ತಾಗಿ ಟಕಟಕ ಎನ್ನುತ್ತಿತ್ತು.

"ಅಮೀನ ಸಾಹೇಬರು ಹೇಳಿದ್ದು ಸರಿ. ಬೇರು ಒಂದೇ. ಉದ್ದಕ್ಕೆ ಎದುರಾದದ್ದು ಅಡ್ಡ. ದಾರಿ ಉದ್ದ ಹೋಗುತ್ತದೆ, ಅದನ್ನು ತಡೆದು ನಿಂತರೆ ಅದು ಅಡ್ಡ. ಮನುಷ್ಯ ದಿನವೆಲ್ಲ ಹೀಗೆ ಉದ್ದ ನಿಂತಿರುತ್ತಾನೆ, ದುಡಿಯುತ್ತಾನೆ. ದಣಿದರೆ," ಎಂದು ಕೋಲನ್ನು ಮೆಲ್ಲಗೆ ಮಲಗಿಸಿದರು, "ಹೀಗೆ ಬೆನ್ನು ನೆಲಕ್ಕೆ ಹಚ್ಚುತ್ತಾನೆ. ಅಡ್ಡಾಗುವುದೆಂದರೆ ಇಷ್ಟೇ, ಹುಜೂರ್. ಅದು ನಿದ್ದೆಯೂ ಅಲ್ಲ. ಗಳಿಗೆ ಹೊತ್ತು ಮೈ ಚಾಚುವುದು."

ಮುನ್ಸೀಫರು ಅಮೀನನ ಮುಖ ನೋಡಿದರು, ಕಾಕಾ ಅವರ ಮುಖ ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

"ನೀನೂ ಕನ್ನಡದವನಲ್ಲವೇ? ಇವರು ಹೇಳುತ್ತಿರುವುದು ನಿಜವೇ?"

ಅಮೀನ ನನ್ನನ್ನು ನೋಡಿ ನಕ್ಕ. ಬರೀ ನಕ್ಕ. ನನಗೆ ಹೆಂಡತಿಯ "ಲಗೂ ಬರ್ರಿ" ಕೇಳಿಸಿತು. "ನಮ್ಮ ಕಡೆ ಆ ಮಾತು ಅಷ್ಟು ಬಳಕೆಯಲ್ಲಿಲ್ಲ, ಹುಜೂರ್. ನನಗೆ ಸರಿಯಾಗಿ ಗೊತ್ತಿಲ್ಲ," ಎಂದೆ. ಆ ಬೆಳಿಗ್ಗೆಯೇ ನನ್ನ ತಾಯಿಗೆ "ಸ್ವಲ್ಪ ಅಡ್ಡಾಗು ಬೇ" ಎಂದು ಹೇಳಿ ಬಂದವನು ನಾನು.

ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹಾಗಾದರೆ ಹುಜೂರ್, ಹೊರಗಿನಿಂದ ಯಾರನ್ನಾದರೂ ಕರೆಸಬೇಕು. ಅಮೀನ ಸಾಹೇಬರೇ ಆರಿಸಲಿ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ."

ಅಮೀನನಿಗೆ ಬೇಡ ಎನ್ನಲು ದಾರಿಯಿರಲಿಲ್ಲ. ತನ್ನದೇ ಜವಾನನೊಬ್ಬನನ್ನು ಕೂಗಿದ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ದಪ್ಪ ಮೀಸೆಯ ಪೋಲೀಸ. ಒಳಗೇನು ನಡೆದಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಸಲಾಮು ಹೊಡೆದು ಕಂಬದಂತೆ ನಿಂತ. ಕಾಕಾ ಕನ್ನಡದಲ್ಲಿ ಕೇಳಿದರು:

"ಇವತ್ತ ರೊಟ್ಟಿ ತಿಂದ ಮ್ಯಾಲ ಏನ್ ಮಾಡಿದಿ?"

ಜವಾನನ ಮುಖ ಇಳಿದುಹೋಯಿತು. ಅಮೀನನ ಕಡೆಗೆ ಕಳ್ಳನೋಟದಿಂದ ನೋಡಿದ. "ತಪ್ಪಾತ್ರಿ ಸಾಹೇಬ್ರ. ನಿದ್ದಿ ಮಾಡಿಲ್ರಿ, ನಮ್ಮವ್ವನ ಆಣಿ. ಬೇವಿನ ಗಿಡದ ಕೆಳಗ ಒಂದ್ ಹತ್ತ್ ಮಿನಿಟ್ ಅಡ್ಡಾಗಿದ್ನಿರಿ. ಬರೇ ಅಡ್ಡಾಗಿದ್ನಿ. ಕಣ್ಣ ಸುದ್ದಾ ಮುಚ್ಚಿಲ್ರಿ."

ಕಾಕಾ ತರ್ಜುಮೆ ಮಾಡುವ ಮೊದಲೇ ಮುನ್ಸೀಫರಿಗೆ ಆ ಮಾತು ಕೇಳಿಸಿತ್ತು. ಉಳಿದದ್ದನ್ನು ತರ್ಜುಮೆಯಲ್ಲಿ ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರೂ ನಗಲಿಲ್ಲ. ಕಾಗದ ಎಳೆದುಕೊಂಡು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಬೇರೆ ಸಾಕ್ಷಿ ಏನಿದೆ ಎಂದು ಕೇಳಿದರು. ಇರಲಿಲ್ಲ. ಸಂಜೆಯೊಳಗೆ ಬಂಡಿಯವನ ಬೇಡಿ ಬಿಚ್ಚಿತು.

ಅವನಿಗೆ ಕೊನೆಯವರೆಗೂ ಏನಾಯಿತೆಂದು ತಿಳಿಯಲಿಲ್ಲ. ಹೊರಗೆ ಬಂದು ನನ್ನ ಕಾಲಿಗೆ ಬೀಳಲು ಬಗ್ಗಿದ. "ಸಾಹೇಬ್ರ, ಇನ್ನ ಮ್ಯಾಲ ಎಲ್ಲೂ ಅಡ್ಡಾಗಂಗಿಲ್ರಿ. ಏನ ದಣದಿರಲಿ, ಮನೀಗೇ ಹೋಗ್ತೇನಿ." ನನ್ನ ಕಾಲಿಗೆ! ನಾನು ಹಿಂದೆ ಸರಿದು, "ಲಗೂ ಹೋಗು, ನಿಲ್ಲಬ್ಯಾಡ" ಎಂದಷ್ಟೇ ಅಂದೆ.

ಕಾಕಾ ಪಡಸಾಲೆಯ ಕಟ್ಟೆಯ ಮೇಲೆ ಕುಳಿತಿದ್ದರು. ಅಮೀನ ಅವರ ಮುಂದೆ ಹಾದುಹೋಗುವಾಗ ನಿಂತು, ಬಹಳ ಮೆತ್ತಗೆ ಕೇಳಿದ: "ಮುನ್ಶೀಜಿ, ನಿಮ್ಮ ಮನೆ ಯಾವ ಓಣಿಯಲ್ಲಿ?"

ಮರುದಿನವೇ ಕಾಕಾ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಗಡಿಯಾಚೆಯ ನೆಂಟರ ಮನೆಗೆ ಕಳಿಸಿದರು. ತಾವು ಹೋಗಲಿಲ್ಲ. ದಿನಕ್ಕೊಂದು ಓಣಿಯಿಂದ ಕಚೇರಿಗೆ ಬರತೊಡಗಿದರು. ಹತ್ತು ದಿನ ಕಳೆದಿರಬೇಕು, ಒಂದು ಬೆಳಿಗ್ಗೆ ಅವರು ಬಂದಾಗ ರುಮಾಲು ಇರಲಿಲ್ಲ. ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಹಿಂದಿನ ದಿನ ಹೊತ್ತು ಮುಳುಗುವ ಮುಂದೆ ಬಂದೂಕಿನವರು ಮನೆ ಹೊಕ್ಕಿದ್ದರಂತೆ. ಅಮೀನನೇ ಕಳಿಸಿದನೋ, ಅವರೇ ಬಂದರೋ, ಹೇಳುವವರಿಲ್ಲ. ಕಾಳಿನ ಗಡಿಗೆ ಒಡೆದು, ಪುಸ್ತಕಗಳನ್ನು ಅಂಗಳಕ್ಕೆ ಎಸೆದು ಹೋಗಿದ್ದರು.

ಕಾಕಾ ಎಂದಿನಂತೆ ಗೋಡೆಗೆ ಬೆನ್ನು ಹಚ್ಚಿ ಕುಳಿತು ದೌತಿಯ ಮುಚ್ಚಳ ತೆಗೆದರು.

"ಕಾಕಾ, ನೀವು ಹೋಗಿಬಿಡ್ರಿ," ಎಂದೆ. "ಗಡಿ ದಾಟ್ರಿ. ಇಲ್ಲಿ ಏನದ?"

"ನನಗೂ ಹೋಗಬೇಕಂತ ಭಾಳ ಅನಸ್ತದ. ನಾ ಹ್ವಾದ್ರ ಈ ಜಾಗಾದಾಗ ಅಮೀನ ತನ್ನ ಮನಷ್ಯಾನ್ನ ತಂದು ಕುಂಡ್ರಸ್ತಾನ. ಆಮ್ಯಾಲ ಈ ಮಂದಿ ಏನಂದ್ರೂ ಅಂವ ಬರದದ್ದೇ ಖರೆ ಆಗ್ತದ."

ನನಗೆ ತಡೆದುಕೊಳ್ಳಲು ಆಗಲಿಲ್ಲ. "ಅವತ್ತ ನಾನು ಗೊತ್ತಿಲ್ಲ ಅಂದೆ, ಕಾಕಾ. ನೀವು ನನಗ ಒಂದ್ ಮಾತೂ ಕೇಳಲಿಲ್ಲ."

ಅವರು ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. "ನಿನ್ನ ಹೇಣ್ತಿ ಬಸರಿ ಅದಾಳ. ಅಂಜಿಕಿ ಯಾರಿಗಿಲ್ಲ? ಮುಂದಿನ ಕಾಗದ ತಗಿ."

ಆ ಮಳೆಗಾಲ ಮುಗಿಯುವ ಹೊತ್ತಿಗೆ ರಾಜ್ಯವೇ ಬದಲಾಯಿತು. ಅಮೀನ ಎಲ್ಲಿಗೆ ಹೋದನೋ ಗೊತ್ತಿಲ್ಲ. ಕಾಕಾ ಕೆಲಸ ಬಿಟ್ಟು ಹಳ್ಳಿ ಸೇರಿದರು. ನನಗೆ ಹೆಣ್ಣುಮಗು ಹುಟ್ಟಿತು. ಮರುವರ್ಷ ಸುಗ್ಗಿ ಮುಗಿದ ಮೇಲೆ ಅವರನ್ನು ನೋಡಲು ಹೋದೆ. ಇಳಿದುಹೋಗಿದ್ದರು. ಮಗುವಿನ ವಿಚಾರ, ಕಚೇರಿಯ ವಿಚಾರ ಕೇಳಿದರು. ಆಮೇಲೆ, "ನಾಳೆ ನನ್ನ ಜೋಡಿ ಜೇವರ್ಗಿ ಕಡೆ ಒಂದ್ ಹಳ್ಳಿಗಿ ಬರ್ತೇನು? ಒಬ್ಬನೇ ಹೋಗಾಕ ಅಂಜಿಕಿ," ಎಂದರು.

ಇನ್ನು ಅಂಜುವುದಕ್ಕೆ ಏನಿದೆ ಎಂದು ನನಗೆ ಹೊಳೆಯಲಿಲ್ಲ. ಬಂಡಿಯಲ್ಲಿ ಹೊರಟ ಮೇಲೆ, ಹೊಳೆ ದಾಟಿದ ಮೇಲೆ ಅವರು ಹೇಳಿದರು.

ಅವರು ಕೆಲಸಕ್ಕೆ ಸೇರಿ ಇನ್ನೂ ಎಂಟು ದಿನವಾಗಿತ್ತಂತೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಒಬ್ಬ ಕುರುಬ. ಮಳೆಯ ದಿನ, ತನ್ನ ಕುರಿಗಳ ಜೊತೆಗೆ ದೇಸಾಯರ ಕುರಿಗಳನ್ನೂ ಹೊಡೆದುಕೊಂಡು ಹೋಗಿದ್ದ. "ಹೊಡಕೊಂಡು ಹ್ವಾದೆ" ಎಂದು ಅವನು ಹೇಳಿದ್ದನ್ನು ಅಂದಿನ ಠಾಣೆಯವರು "ಲೂಟಿ ಮಾಡಿಕೊಂಡು ಹೋದೆ" ಎಂದು ಬರೆದಿದ್ದರು. ಅವನ ಉಳಿದ ಮಾತನ್ನು ಬರೆದೇ ಇರಲಿಲ್ಲ. ರುಜು ಹಾಕು ಎಂದರು.

"ತಪ್ಪದ ಅಂತ ನನಗ ಗೊತ್ತಿತ್ತು. ಹೊಸಾ ನೌಕರಿ. ಅಂಜಿದೆ. ರುಜು ಹಾಕಿದೆ. ಮೂರು ವರ್ಷ ಶಿಕ್ಷಾ ಆತು. ಎರಡನೇ ವರ್ಷ ಜೇಲಿನಾಗ ಜ್ವರ ಬಂದು ಸತ್ತಾ." ಸ್ವಲ್ಪ ದೂರ ಹೋದ ಮೇಲೆ, "ನಾ ಅಮೀನಗ ಅಂಜ್ತೇನಿ ಅಂತ ನೀವೆಲ್ಲಾ ತಿಳದಿದ್ರಿ. ಅಂಜ್ತಿದ್ದೆ, ಸುಳ್ಳಲ್ಲ. ಖರೆ ಅಂಜಿಕಿ ಇದು," ಎಂದರು.

ಆ ಕುರುಬನ ಮನೆ ಊರ ಹೊರಗಿತ್ತು. ಮುಂದೆ ಮುಳ್ಳಿನ ಬೇಲಿಯ ಕುರಿದೊಡ್ಡಿ. ಒಬ್ಬ ಹೆಂಗಸು ಬಾಗಿಲಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. "ಬರ್ರಿ ಅಪ್ಪಾರ, ಯಾವೂರವರು?" ಎಂದು ಕಂಬಳಿ ಹಾಸಿದಳು. ಕಾಕಾ ಕೂಡಲಿಲ್ಲ. ನಿಂತೇ ಹೇಳಿದರು. ಬಂಡಿಯಲ್ಲಿ ನನಗೆ ಹೇಳಿದಷ್ಟನ್ನೇ, ಒಂದು ಮಾತು ಬಿಡದೆ, ಒಂದು ಮಾತು ಸೇರಿಸದೆ.

"ಆ ಕಾಗದಕ್ಕ ರುಜು ಹಾಕಿದಾಂವ ನಾನೇ, ತಂಗಿ."

ಅವಳ ಕೈಯಲ್ಲಿದ್ದ ಕದಿರು ನಿಂತಿತು. ಅಷ್ಟರಲ್ಲಿ ದೊಡ್ಡಿಯ ಕಡೆಯಿಂದ ಅವಳ ಮಗ ಬಂದ. ಮೀಸೆ ಬಂದ, ಅಗಲವಾದ ಹೆಗಲಿನ ಗಂಡಸು; ಕೈಯಲ್ಲಿ ಎದೆಮಟ್ಟದ ಬಡಿಗೆ. ಕೊನೆಯ ಮಾತು ಅವನಿಗೆ ಕೇಳಿಸಿತ್ತು. ಬಡಿಗೆ ಹಿಡಿದ ಮುಷ್ಟಿ ಬಿಗಿಯಾದುದನ್ನು ನೋಡಿ ನಾನು ಕಾಕಾ ಅವರ ತೋಳು ಹಿಡಿದೆ. ಆದರೆ ಅವರು ಹಿಂದೆ ಸರಿಯಲಿಲ್ಲ.

ಹೆಂಗಸು ಮಗನಿಗೆ ಕೈಸನ್ನೆ ಮಾಡಿ ನಿಲ್ಲಿಸಿದಳು. ಬಹಳ ಹೊತ್ತು ಕಾಕಾ ಅವರ ಮುಖ ನೋಡಿದಳು.

"ಅವತ್ತ ಕಚೇರ್ಯಾಗ ಅಂವ ಏನಂದನ್ರಿ?" ಎಂದಳು. "ನನ್ನ ಒಳಗ ಬಿಡಲಿಲ್ಲ. ಕೂಸಿನ್ನ ಎತ್ಕೊಂಡು ಹೊರಗ ನಿಂತಿದ್ನಿ. ಕಳ್ಳ ಅಂದ್ರು, ಒಯ್ದ್ರು. ಅಂವ ಏನಂದ ಅಂತ ಇವತ್ತಿನ ತನಾ ನನಗ ಯಾರೂ ಹೇಳಿಲ್ಲ."

ಕಾಕಾ ಕಣ್ಣು ಮುಚ್ಚಿಕೊಂಡರು. ಅವರ ಬಾಯಿಂದ ಬಂದ ದನಿ ಅವರದಾಗಿರಲಿಲ್ಲ. ಯಾವನೋ ಹಳ್ಳಿಯ ಯುವಕ ಕೈಮುಗಿದು, ಮುಂದೆ ಕುಳಿತವರಿಗೆ ತನ್ನ ಮಾತು ತಿಳಿಯುತ್ತದೆಂದು ನಂಬಿ ಹೇಳುತ್ತಿದ್ದಂತೆ ಇತ್ತು.

"ಮೋಡ ಇಳದಿತ್ರಿ ಸಾಹೇಬ್ರ. ಹಳ್ಳ ಬರೋ ಸಪ್ಪಳ ಕೇಳಿಸ್ತು. ದೇಸಾಯರ ಕುರಿ ದಂಡ್ಯಾಗ ಇದ್ದವು, ಕಾಯಾಂವ ಎಲ್ಲೋ ಹೋಗಿದ್ದ. ಯಾರವು ಅಂತ ನಾ ನೋಡಲಿಲ್ರಿ. ಎಲ್ಲಾ ಕೂಡೇ ದಿನ್ನಿಗಿ ಹೊಡಕೊಂಡು ಹ್ವಾದೆ. ಬಿಟ್ರ ಕೊಚ್ಚಿ ಹೋಗ್ತಿದ್ದವು. ಒಂದ್ ಮರಿ ಹೋತ್ರಿ. ಅದಕ್ಕ ಭಾಳ ಕೆಟ್ಟ ಅನಸ್ತದ. ಮನ್ಯಾಗ ಕೂಸು ಸಣ್ಣದದ. ಬಿಟ್ರ ಹೋಗ್ತೇನ್ರಿ."

ದೊಡ್ಡಿಯಲ್ಲಿ ಒಂದು ಕುರಿ ಕೂಗಿತು. ಮಗನ ಕೈಯ ಬಡಿಗೆ ನೆಲಕ್ಕೆ ಇಳಿದಿತ್ತು. ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ಹತ್ತಿರ ಎಳೆದು ಕೂಡಿಸಿಕೊಂಡಳು.

"ಇನ್ನೊಮ್ಮಿ ಹೇಳ್ರಿ, ಅಪ್ಪಾರ," ಎಂದಳು. "ಇಂವ ಅವನ ಮಾತು ಕೇಳೇ ಇಲ್ಲ."

ಕಾಕಾ ಮೊದಲಿನಿಂದ ಶುರುಮಾಡಿದರು.